ಉಷ್ಣಮಾನವೂ ಅತಿಸೂಕ್ಷ್ಮ ಕಣಗಳ ಕಾಂತಗುಣವೂ

ಅಯಸ್ಕಾಂತವು ಕಬ್ಬಿಣದ ಸೂಜಿಯನ್ನು ಸೆಳೆಯುವುದೆಂಬುದನ್ನು ವಾಚಕರೆಲ್ಲರೂ ಬಲ್ಲರು. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವೇ. ಅವು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವುದರಿಂದ ಈ ಸೆಳೆತವು ಹುಟ್ಟುವುದು. ಆದರೆ ಕೆಲವು ವಸ್ತುಗಳಲ್ಲಿ ನೆರೆಯ ಪರಮಾಣುಗಳು ಒಂದಕ್ಕೊಂದು ವಿಮುಖವಾಗಿ ನಿಲ್ಲುತ್ತವೆ. ಹಗ್ಗವೆಳೆಯುವ ಆಟದಲ್ಲಿ ಎರಡು ಪಕ್ಷಗಳೂ ಸಮಬಲವಾದರೆ ಹಗ್ಗವು ಅಲುಗದಂತೆ, ಇಲ್ಲಿ ಒಳಗೆ ಬಲವಿದ್ದರೂ ಹೊರಗೆ ತೋರದು. ಇವಕ್ಕೆ ಪ್ರತಿಫೆರ್ರೋಕಾಂತ ವಸ್ತುಗಳೆಂದು ಹೆಸರು. ಫ್ರಾನ್ಸ್ ದೇಶದ ಲೂಯಿ ನೀಲ್ ಎಂಬವರು 1930ರ ದಶಕದಲ್ಲಿ ಈ ತತ್ತ್ವವನ್ನು ಪ್ರತಿಪಾದಿಸಿ, 1970ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಉಷ್ಣವು ಈ ಕ್ರಮವನ್ನು ಕದಡುವುದು. ಒಂದು ಗೊತ್ತಾದ ಮಟ್ಟವನ್ನು ಮೀರಿದೊಡನೆ ಪರಮಾಣುಗಳು ಸಾಲು ತಪ್ಪಿ, ಮನಬಂದ ಕಡೆಗೆ ತಿರುಗುತ್ತವೆ. ಆ ಮಟ್ಟವೇ ನೀಲ್ ಉಷ್ಣಮಾನ. ನಿಕ್ಕಲ್ ಆಕ್ಸೈಡಿಗೆ ಇದು ಸುಮಾರು 250 ಡಿಗ್ರಿ ಸೆಂಟಿಗ್ರೇಡ್. ಮ್ಯಾಂಗನೀಸ್ ಆಕ್ಸೈಡಿಗಾದರೋ ಸೊನ್ನೆಗಿಂತ ಸುಮಾರು 155 ಡಿಗ್ರಿ ಕೆಳಗೆ.

ಇನ್ನು ಕಣವು ಅತಿಸೂಕ್ಷ್ಮವಾದರೆ ಏನಾಗುವುದು? ಒಂದು ಲೆಕ್ಕವನ್ನು ಮಾಡಿ ನೋಡೋಣ. ಪ್ರತಿ ಅಂಚಿನಲ್ಲಿ 100 ಪರಮಾಣುಗಳುಳ್ಳ ಘನದಲ್ಲಿ ಒಟ್ಟು 10,00,000 ಪರಮಾಣುಗಳಿದ್ದು, ಮೇಲ್ಮೈಯಲ್ಲಿರುವವು 58,808 ಮಾತ್ರ. ಅಂಚಿಗೆ 10 ಆದರೆ ಒಟ್ಟು 1,000ದಲ್ಲಿ 488 ಮೇಲ್ಮೈಯಲ್ಲಿಯೇ ಇರುವವು. ಮೇಲ್ಮೈಯ ಪರಮಾಣುವಿಗೆ ಎಲ್ಲಾ ಕಡೆಯೂ ನೆರೆಯಿಲ್ಲ. ಆದಕಾರಣ ಜೋಡಿಯು ಸರಿಹೋಗದೆ, ಎದುರು ಬಲವಿಲ್ಲದ ಕೆಲವು ಪರಮಾಣುಗಳು ಉಳಿದುಬಿಡುತ್ತವೆ. ಇದರಿಂದ ಇಡೀ ಕಣಕ್ಕೆ ಸ್ವಲ್ಪ ಕಾಂತಗುಣವು ಬರುವುದೆಂದು ನೀಲರೇ 1961ರಲ್ಲಿ ಸೂಚಿಸಿದರು.

ಇಂಥ ಕಣಕ್ಕೆ ಮೂರು ಅವಸ್ಥೆಗಳುಂಟು. ನೀಲ್ ಉಷ್ಣಮಾನದ ಮೇಲೆ ಕ್ರಮವೇ ಇಲ್ಲ. ಅದರ ಕೆಳಗೆ ಕ್ರಮವಿದ್ದರೂ, ಉಷ್ಣದ ಕದಲಿಕೆಯಿಂದ ಕಣದ ಕಾಂತಮುಖವು ಕ್ಷಣಕ್ಷಣಕ್ಕೂ ಮಗುಚುತ್ತಿರುವುದು. ಅಯಸ್ಕಾಂತವನ್ನು ಹತ್ತಿರ ತಂದರೆ ಆ ಕಡೆಗೆ ವಾಲುವುದು, ತೆಗೆದರೆ ಮರೆತುಬಿಡುವುದು. ಇನ್ನೂ ತಣಿಸಿದರೆ ಮುಖವು ಸ್ತಬ್ಧವಾಗಿ, ಕಲಿತ ದಿಕ್ಕನ್ನು ನೆನಪಿನಲ್ಲಿಡುವುದು.

ಇದರ ಉದಾಹರಣೆಯು ನಮ್ಮ ದೇಹದಲ್ಲಿಯೇ ಇದೆ. ಫೆರಿಟಿನ್ ಎಂಬ ಪ್ರೋಟೀನು ಕಬ್ಬಿಣದ ಕಣಜವಾಗಿದೆ. ಅದರ ಒಳಗುಳಿಯ ಅಡ್ಡಳತೆ ಸುಮಾರು 8 ನ್ಯಾನೋಮೀಟರು, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಎಂಟು ಪಾಲು. ಅದರಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಯುತ್ತವೆ. ಈ ಕಣವು ಸ್ತಬ್ಧವಾಗಬೇಕಾದರೆ ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗಿನ ಚಳಿ ಬೇಕು. ದೇಹದ ಬಿಸುಪಿನಲ್ಲಿ ಅದು ಸ್ತಬ್ಧವಾಗಿರದು. ಆದರೂ ಬಲವಾದ ಕಾಂತಕ್ಷೇತ್ರಕ್ಕೆ ಓಗೊಡುವುದು.

ಈ ಓಗೊಡುವಿಕೆಯಿಂದ ರೋಗಿಗಳಿಗೆ ಮಹೋಪಕಾರವಾಗಿದೆ. ಥಲಸ್ಸೀಮಿಯಾ ರೋಗದಿಂದ ಪದೇಪದೇ ರಕ್ತವನ್ನು ಹಾಕಿಸಿಕೊಳ್ಳುವ ಮಕ್ಕಳ ಯಕೃತ್ತಿನಲ್ಲಿ ಕಬ್ಬಿಣವು ಮಿತಿಮೀರಿ ಸೇರುವುದು. ಅಲ್ಲಿ ಸೂಜಿ ಚುಚ್ಚದೆ, ಎಂ.ಆರ್.ಐ. ಚಿತ್ರದ ಕಪ್ಪಿನಿಂದಲೇ ವೈದ್ಯರು ಅದನ್ನು ಅಳೆಯಬಲ್ಲರು. ಕಬ್ಬಿಣದ ಕೊರತೆಯಾದರೋ ಬೇರೆ ಬಗೆಯಲ್ಲಿ ತಿಳಿಯುವುದು: ರಕ್ತದಲ್ಲಿನ ಫೆರಿಟಿನ್ ಪ್ರಮಾಣವು ಕಣಜವು ತುಂಬಿದೆಯೋ ಬರಿದಾಗಿದೆಯೋ ಎಂಬುದನ್ನು ಸೂಚಿಸುವುದು. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಅರಿತಿರುವುದು ಒಳ್ಳೆಯದು.