ತಣ್ಣನೆಯ ಮಳೆಯಲ್ಲಿ ಎರಡು ದಿನ: ಅಪಲೇಚಿಯನ್ ಟ್ರೈಲ್‌ಗೆ ಮೊದಲ ಸಲ ಹೊರಡುವವರಿಗೆ

ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾ, ಕಮಿಂಗ್ ಊರುಗಳಲ್ಲಿ ಈಗ ಕನ್ನಡದ ಮನೆಗಳು ಸಾಕಷ್ಟಿವೆ. ಅಲ್ಲಿಂದ ಕಾರಿನಲ್ಲಿ ಇನ್ನೂ ಉತ್ತರಕ್ಕೆ ಒಂದು, ಒಂದೂವರೆ ತಾಸು ಹೋದರೆ ಅಪಲೇಚಿಯನ್ ಟ್ರೈಲ್ ಸಿಗುತ್ತದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಲ್ಲಿ ಶುರುವಾಗಿ 14 ರಾಜ್ಯಗಳನ್ನು ಹಾಯ್ದು ಮೇನ್ ರಾಜ್ಯದ ಕಟಾಡಿನ್ ಬೆಟ್ಟದಲ್ಲಿ ಮುಗಿಯುವ, ಸುಮಾರು 3,500 ಕಿ.ಮೀ. ಉದ್ದದ ಕಾಲುದಾರಿ ಅದು. ಬೆಂಟನ್ ಮಕಾಯ್ ಎಂಬವರು 1921ರಲ್ಲಿ ಇಂಥದ್ದೊಂದು ದಾರಿ ಬೇಕೆಂದು ಬರೆದರು. 1937ರ ಹೊತ್ತಿಗೆ ಅದು ತುದಿಯಿಂದ ತುದಿಗೆ ಕೂಡಿಕೊಂಡಿತು. ಪೂರ್ತಿ ನಡೆಯುವವರಿಗೆ ಐದಾರು ತಿಂಗಳು ಬೇಕು. ಅದರ ಗೊಡವೆ ನಮಗೀಗ ಬೇಡ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಮಧ್ಯಾಹ್ನ ಮುಗಿಸಬಹುದಾದ ಒಂದು ತುಂಡು ಸಾಕು. ವುಡಿ ಗ್ಯಾಪ್‌ನಿಂದ ನೀಲ್ ಗ್ಯಾಪ್‌ವರೆಗೆ ಸುಮಾರು 17 ಕಿ.ಮೀ., ನಡುವೆ ಬ್ಲಡ್ ಮೌಂಟನ್.

ದಾರಿ ತಪ್ಪುವ ಭಯ ಇಲ್ಲಿ ಕಡಿಮೆ. ಮರಗಳ ಮೇಲೆ ಎರಡು ಇಂಚು ಅಗಲ, ಆರು ಇಂಚು ಎತ್ತರದ ಬಿಳಿ ಪಟ್ಟಿ ಬಳಿದಿರುತ್ತಾರೆ. ಅದನ್ನು ಹಿಡಿದು ಹೋಗುವುದಷ್ಟೇ ಕೆಲಸ. ನೀಲಿ ಪಟ್ಟಿ ಕಂಡರೆ ಅದು ನೀರಿಗೋ ತಂಗುದಾಣಕ್ಕೋ ಹೋಗುವ ಕವಲು. ಬಿಳಿ ಪಟ್ಟಿ ಒಂದರ ಮೇಲೊಂದು ಎರಡಿದ್ದರೆ ಮುಂದೆ ತಿರುವಿದೆ, ನೋಡಿಕೊಂಡು ನಡೆಯಿರಿ ಎಂದು ತಿಳಿಯಬೇಕು.

ಭಯ ಪಡಬೇಕಾದದ್ದು ಮಳೆಗೆ. ಇದನ್ನು ಹೇಳಿದರೆ ನಮ್ಮವರು ನಗುತ್ತಾರೆ. ಜೂನ್‌ನಲ್ಲಿ ಕೊಡಚಾದ್ರಿ ಹತ್ತಿದವರು, ಜಿಗಣೆ ಕಿತ್ತು ಹಾಕುತ್ತಾ ಕುಮಾರಪರ್ವತ ಇಳಿದವರು, ‘ಮಳೆ ನಮಗೇನು ಹೊಸದೇ’ ಎನ್ನುತ್ತಾರೆ. ಎತ್ತರ ನೋಡಿದರೂ ಬ್ಲಡ್ ಮೌಂಟನ್ 1,359 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಆದರೆ ಮುಳ್ಳಯ್ಯನಗಿರಿ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಇದು 34 ದಾಟಿದ ಮೇಲೆ. ಮಲೆನಾಡಿನ ಮಳೆಯಲ್ಲಿ ಮೈಯೆಲ್ಲ ನೆನೆದರೆ ನಷ್ಟವೇನಿಲ್ಲ, ಮನೆಗೆ ಬಂದು ತಲೆ ಒರೆಸಿಕೊಂಡು ಕಾಫಿ ಕುಡಿದರೆ ಮುಗಿಯಿತು. ಇಲ್ಲಿ ಮಾರ್ಚ್ ತಿಂಗಳ ಮಳೆ ನಾಲ್ಕೈದು ಡಿಗ್ರಿಯಲ್ಲಿ ದಿನವಿಡೀ ಸುರಿಯಬಹುದು. ‘ನೆನೆದರೇನಾಯ್ತು’ ಎಂಬ ಊರಿನ ಧೈರ್ಯವನ್ನು ಇಲ್ಲಿ ಕಾರಿನಲ್ಲೇ ಬಿಟ್ಟು ಹೋಗಬೇಕು.

ಲೆಕ್ಕ ಸರಳ. ಪ್ರತಿ ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ತಂಪಾಗುತ್ತದೆ. ಅಟ್ಲಾಂಟಾ ಇರುವುದು 300 ಮೀಟರ್ ಆಸುಪಾಸಿನಲ್ಲಿ. ಅಂದರೆ ನಿಮ್ಮ ಫೋನು ಊರಿನಲ್ಲಿ ಹತ್ತು ಡಿಗ್ರಿ ತೋರಿಸಿದಾಗ ಶಿಖರದಲ್ಲಿ ನಾಲ್ಕೇ ಇರಬಹುದು; ಗಾಳಿ ಬೀಸಿದರೆ ಮೈಗೆ ಅದೂ ಇಲ್ಲ. ಇನ್ನು, ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಹಾಗಾಗಿ ಹಿಮ ಬೀಳುವ ದಿನಕ್ಕಿಂತ ಸೊನ್ನೆಗಿಂತ ಸ್ವಲ್ಪ ಮೇಲಿರುವ ಮಳೆಯ ದಿನವೇ ಹೊಸಬರಿಗೆ ಹೆಚ್ಚು ಅಪಾಯ. ಹಿಮವನ್ನು ಕೊಡವಿಕೊಳ್ಳಬಹುದು, ಮಳೆಯನ್ನು ಕೊಡವಲು ಬರುವುದಿಲ್ಲ.

ಬಟ್ಟೆಯ ವಿಷಯಕ್ಕೆ ಬಂದರೆ ಮೊದಲ ಪಾಠ: ಹತ್ತಿ ಬೇಡ. ಜೀನ್ಸ್ ಬೇಡ, ಕಾಟನ್ ಟೀಶರ್ಟ್ ಬೇಡ, ಕಾಟನ್ ಬನಿಯನ್ನೂ ಬೇಡ. ಹತ್ತಿ ನೀರು ಕುಡಿದು ಮೈಗಂಟುತ್ತದೆ, ಒಣಗುವ ಹೆಸರಿಲ್ಲ. ಉಣ್ಣೆ ಹಾಗಲ್ಲ, ಒದ್ದೆಯಾದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ. ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡುತ್ತಿದ್ದ ಮಲೆನಾಡಿನ ರೈತರಿಗೆ ಇದು ಯಾವ ಅಂಗಡಿಯವನೂ ಹೇಳದೆ ಗೊತ್ತಿತ್ತು. ಮೈಗೆ ತಾಗುವಂತೆ ತೆಳು ಉಣ್ಣೆಯದೋ ಪಾಲಿಯೆಸ್ಟರಿನದೋ ಒಂದು ಅಂಗಿ, ಅದರ ಮೇಲೆ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಮಳೆಯ ಜಾಕೆಟ್ ಮತ್ತು ಪ್ಯಾಂಟು. ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ: ಎಷ್ಟೇ ಡಾಲರ್ ಕೊಟ್ಟ ಜಾಕೆಟ್ ಆದರೂ ಆರು ತಾಸಿನ ಮಳೆಯಲ್ಲಿ ಒಳಗೆ ಒದ್ದೆಯಾಗುತ್ತದೆ. ಹೊರಗಿನ ಬಟ್ಟೆ ನೀರು ಹಿಡಿದರೆ ಬೆವರಿನ ಆವಿ ಹೊರಹೋಗದೆ ಒಳಗೇ ನೀರಾಗುತ್ತದೆ. ಆದ್ದರಿಂದ ಏರು ಶುರುವಾಗುವ ಮೊದಲೇ ಫ್ಲೀಸ್ ತೆಗೆದು ಚೀಲಕ್ಕೆ ಹಾಕಿ, ಕಂಕುಳಿನ ಜಿಪ್ ತೆರೆಯಿರಿ. ಮೊದಲ ಹತ್ತು ನಿಮಿಷ ಚಳಿಯಾಗಬೇಕು. ಚಳಿಯಾಗದಿದ್ದರೆ ನೀವು ಹೆಚ್ಚು ಹಾಕಿಕೊಂಡಿದ್ದೀರಿ ಎಂದರ್ಥ.

ಹಗಲಿನಲ್ಲಿ ನೆನೆಯುವುದು ಖಂಡಿತ ಎಂದ ಮೇಲೆ ಕಾಪಾಡಿಕೊಳ್ಳಬೇಕಾದದ್ದು ಎರಡೇ: ಸ್ಲೀಪಿಂಗ್ ಬ್ಯಾಗ್ ಮತ್ತು ಮಲಗುವ ಬಟ್ಟೆ. ಬ್ಯಾಗಿನ ಮೇಲೆ ಹೊದಿಸುವ ರೇನ್ ಕವರನ್ನು ನಂಬಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿದೇ ಇಳಿಯುತ್ತದೆ. ದಪ್ಪನೆಯ ಕಸದ ಚೀಲವೊಂದನ್ನು ಬ್ಯಾಗಿನ ಒಳಗೆ ಬಿಡಿಸಿಟ್ಟು, ಈ ಎರಡನ್ನೂ ಅದರ ತಳಕ್ಕೆ ತುಂಬಿ, ಬಾಯಿ ತಿರುಚಿ ಮಡಚಿಬಿಡಿ. ಬಾತುಕೋಳಿ ಪುಕ್ಕದ ಸ್ಲೀಪಿಂಗ್ ಬ್ಯಾಗ್ ನೆನೆದರೆ ಮುದ್ದೆಯಾಗಿ ಬಿಸಿಯನ್ನೇ ಕೊಡದು. ಮೊದಲ ಸಲಕ್ಕೆ ಸಿಂಥೆಟಿಕ್ ಸಾಕು, ಭಾರ ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ.

ಬೆಳಗಿನ ಪಾಠವೇ ಎಲ್ಲಕ್ಕಿಂತ ಕಷ್ಟ. ಭಾನುವಾರ ಏಳುತ್ತೀರಿ. ಮೈಮೇಲೆ ಒಣಗಿದ ಉಣ್ಣೆ ಕಾಲುಚೀಲ, ಬೆಚ್ಚನೆಯ ಅಂಗಿ. ಟೆಂಟಿನ ಮೂಲೆಯಲ್ಲಿ ನಿನ್ನೆಯ ಒದ್ದೆ ಕಾಲುಚೀಲ ಮುದುಡಿ ಬಿದ್ದಿದೆ, ಹಿಂಡಿದರೆ ಕೆಂಚು ನೀರು. ಹೊರಗೆ ಇನ್ನೂ ಮಳೆ. ಒಣಗಿದ್ದನ್ನು ಕಳಚಿ ಚೀಲಕ್ಕೆ ಹಾಕಬೇಕು, ಒದ್ದೆಯದನ್ನು ಮತ್ತೆ ಏರಿಸಬೇಕು. ಮನಸ್ಸು ಒಪ್ಪುವುದಿಲ್ಲ. ಒಣಗಿದ್ದನ್ನೇ ಹಾಕಿಕೊಂಡು ಹೊರಟರೆ ಕಾಲು ಗಂಟೆಯಲ್ಲಿ ಅದೂ ಒದ್ದೆ. ಆಮೇಲೆ ಏನಾದರೂ ಎಡವಟ್ಟಾಗಿ ಬೆಟ್ಟದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕಾದರೆ ಹಾಕಿಕೊಳ್ಳಲು ಏನೂ ಇರುವುದಿಲ್ಲ. ಹಲ್ಲು ಕಚ್ಚಿ ಏರಿಸಿ. ನಡೆಯಲು ಶುರು ಮಾಡಿದ ಐದು ನಿಮಿಷಕ್ಕೆ ಕಾಲು ಬಿಸಿಯಾಗುತ್ತದೆ.

ರಾತ್ರಿ ತಂಗಲು ವುಡಿ ಗ್ಯಾಪ್‌ನಿಂದ ಸುಮಾರು ಆರು ಕಿ.ಮೀ. ದೂರದ ಲಾನ್ಸ್ ಕ್ರೀಕ್ ಹೊಸಬರಿಗೆ ಹೇಳಿ ಮಾಡಿಸಿದ ಜಾಗ. ಟೆಂಟಿಗೆ ಸಮತಟ್ಟು ನೆಲವಿದೆ, ಪಕ್ಕದಲ್ಲೇ ತೊರೆ. ಬ್ಲಡ್ ಮೌಂಟನ್ ಮೇಲೆ ಹಳೆಯ ಕಲ್ಲಿನ ತಂಗುದಾಣವಿದೆ, ನೋಡಲು ಚೆನ್ನ. ನೀರಿಲ್ಲ, ಗಾಳಿ ಮಾತ್ರ ಧಾರಾಳ. ಕೆಳಗೆ ಹಾಸುವ ಪ್ಯಾಡಿಗೆ ಜಿಪುಣತನ ಬೇಡ, ಮೇಲಿನ ಚಳಿಗಿಂತ ನೆಲದ ಚಳಿ ಹೆಚ್ಚು ಹೀರುತ್ತದೆ. ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗಿನ ನಾಳಗಳು ಒಡೆದು ಕೆಟ್ಟುಹೋಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಅದನ್ನೂ ಗ್ಯಾಸ್ ಡಬ್ಬಿಯನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ಬಿಡುತ್ತದೆ, ಬೆಳಿಗ್ಗೆ ಒಲೆ ಉರಿಯದು. ಊಟದ ಚೀಲ ಮಾತ್ರ ಟೆಂಟಿನೊಳಗೆ ಬೇಡವೇ ಬೇಡ. ಇದು ಕಪ್ಪು ಕರಡಿಗಳ ಕಾಡು. ಲಾನ್ಸ್ ಕ್ರೀಕ್ ದಾಟಿದ ಮೇಲೆ ಸಿಗುವ ಜೆರಾರ್ಡ್ ಗ್ಯಾಪ್ ಮತ್ತು ನೀಲ್ ಗ್ಯಾಪ್ ನಡುವೆ ವಸಂತದಲ್ಲಿ ತಂಗುವವರು ಕರಡಿ ತೆರೆಯಲಾಗದ ಗಟ್ಟಿ ಡಬ್ಬಿ ಒಯ್ಯುವುದು ಕಡ್ಡಾಯ. ಹೊರಡುವ ಮೊದಲು ಆ ವರ್ಷದ ನಿಯಮ ನೋಡಿಕೊಳ್ಳಿ.

ತಿನ್ನುವುದಕ್ಕೆ ಶೇಂಗಾ ಚಿಕ್ಕಿ, ತುಪ್ಪ ಸವರಿದ ಚಪಾತಿ, ಒಣಹಣ್ಣು. ಮಳೆಯಲ್ಲಿ ನಿಂತು ಉಣ್ಣಲು ಯಾರಿಗೂ ಮನಸ್ಸಾಗದು, ಆದ್ದರಿಂದ ನಡೆಯುತ್ತಲೇ ಬಾಯಾಡಿಸಬೇಕು. ಪೊಟ್ಟಣಗಳನ್ನು ಮನೆಯಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಮರಗಟ್ಟಿದ ಬೆರಳಿಗೆ ಪ್ಲಾಸ್ಟಿಕ್ ಹರಿಯುವುದಿಲ್ಲ.

ಮೈಯ ಒಳಗಿನ ಉಷ್ಣ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಅದು ಬಂದವರಿಗೆ ಬಂದದ್ದು ತಿಳಿಯುವುದಿಲ್ಲ, ಜೊತೆಯವರೇ ಗುರುತಿಸಬೇಕು. ಮಾತು ತೊದಲುವುದು, ಸುಮ್ಮನೆ ಎಡವುವುದು, ಕೈಯಿಂದ ವಸ್ತು ಜಾರುವುದು, ಕಾರಣವಿಲ್ಲದೆ ಸಿಡುಕುವುದು. ‘ಹೆಬ್ಬೆರಳಿಗೆ ಕಿರುಬೆರಳು ತಾಗಿಸು ನೋಡೋಣ’ ಎನ್ನಿ. ಆಗದಿದ್ದರೆ ಅಲ್ಲೇ ನಿಲ್ಲಿ, ಟೆಂಟ್ ಹಾಕಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣಗಿದ್ದು ತೊಡಿಸಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ, ಬಿಸಿ ಸಕ್ಕರೆ ನೀರು ಕುಡಿಸಿ. ‘ಒಂದು ಪೆಗ್ ಹಾಕಿದರೆ ಸರಿಹೋಗುತ್ತೆ’ ಎನ್ನುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ. ಅವರ ಮಾತು ಕೇಳಬೇಡಿ, ಮದ್ಯ ರಕ್ತವನ್ನು ಚರ್ಮದ ಕಡೆಗೆ ತಂದು ಇರುವ ಶಾಖವನ್ನೂ ಕಳೆಯುತ್ತದೆ. ನಡುಗುತ್ತಿದ್ದವರು ಬಿಸಿಯಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸುಧಾರಿಸಿತೆಂದು ತಿಳಿಯಬೇಡಿ, 911ಕ್ಕೆ ಕರೆ ಮಾಡುವ ಹೊತ್ತು ಅದು.

ಅಷ್ಟರವರೆಗೆ ಹೋಗಗೊಡದಿರಲು ಜೆರಾರ್ಡ್ ಗ್ಯಾಪ್ ಇದೆ. ಲಾನ್ಸ್ ಕ್ರೀಕ್ ದಾಟಿ ಸ್ವಲ್ಪ ದೂರದಲ್ಲಿ ನೀಲಿ ಪಟ್ಟಿಯ ದಾರಿ ಎಡಕ್ಕೆ ಇಳಿದು ವಿನ್‌ಫೀಲ್ಡ್ ಸ್ಕಾಟ್ ಕೆರೆಯ ಬಳಿ ರಸ್ತೆಗೆ ಸೇರುತ್ತದೆ. ಭಾನುವಾರ ಬೆಳಿಗ್ಗೆ ಗುಂಪಿನಲ್ಲಿ ಒಬ್ಬರಾದರೂ ಬೆಚ್ಚಗಾಗದೆ ಆ ತಿರುವು ಮುಟ್ಟಿದರೆ ಶಿಖರ ಬಿಟ್ಟು ಇಳಿದುಬಿಡಿ. ಎಲ್ಲರೂ ಗಟ್ಟಿಯಿದ್ದರೆ ಮುಂದುವರಿಯಿರಿ. ಶಿಖರದಿಂದ ನೀಲ್ ಗ್ಯಾಪ್‌ಗೆ ಸುಮಾರು ನಾಲ್ಕು ಕಿ.ಮೀ. ಇಳಿತ, ಆರಂಭದಲ್ಲೇ ಹಾಸುಬಂಡೆ. ಮಳೆಯಲ್ಲಿ ಅದು ಪಾಚಿ ಹಿಡಿದ ಬಾವಿಕಟ್ಟೆಯ ಹಾಗೆ ಜಾರುತ್ತದೆ. ಕೋಲು ಊರಿ, ಬೇಕಾದರೆ ಕೂತು ಜಾರಿ ಇಳಿಯಿರಿ, ಯಾರೂ ನಗುವುದಿಲ್ಲ. ಕೆಳಗೆ ಟ್ರೈಲು ಕಲ್ಲಿನ ಹಳೆಯ ಕಟ್ಟಡವೊಂದರ ನಡುವೆಯೇ ಹಾದುಹೋಗುತ್ತದೆ, ಅಲ್ಲೇ ಚಾರಣದ ಅಂಗಡಿ.

ಮನೆಗೆ ಬಂದ ರಾತ್ರಿಯೇ ಟೆಂಟನ್ನು ಗ್ಯಾರೇಜಿನಲ್ಲಿ ಹರವಿ. ಸೋಮವಾರಕ್ಕೆ ಬಿಟ್ಟರೆ ಬೂಸಲು ಹಿಡಿಯುತ್ತದೆ.