ವಿಧಿವಿಜ್ಞಾನದ ಬಾಗಿಲು

ಕಳೆದ ಬೇಸಗೆಯಲ್ಲಿ, ಎಸ್.ಎಸ್.ಎಲ್.ಸಿ. ಮುಗಿಸಿದ್ದ ನನ್ನ ತಂಗಿಯು, "ಅಣ್ಣಾ, ಬೆರಳಗುರುತು ನೋಡಿ ಕಳ್ಳನನ್ನು ಹಿಡಿಯುವವರು ಏನು ಓದಿರುತ್ತಾರೆ?" ಎಂದು ಕೇಳಿದಳು. ಆ ಓದಿನ ಆಸೆ ನನಗೂ ಇದ್ದಿತು. ಉತ್ತರ ಮಾತ್ರ ತಿಳಿದಿರಲಿಲ್ಲ. ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆದಿದ್ದೇನೆ.

ಈ ಶಾಸ್ತ್ರಕ್ಕೆ ವಿಧಿವಿಜ್ಞಾನವೆಂದು ಹೆಸರು. ರಕ್ತದ ಕಲೆ, ವಿಷ, ಕೈಬರಹ ಮುಂತಾದುವನ್ನು ಪರೀಕ್ಷಿಸಿ ನ್ಯಾಯಾಲಯಕ್ಕೆ ನಿಜವನ್ನು ತಿಳಿಸುವುದೇ ಇದರ ಕೆಲಸ. ನಮ್ಮ ದೇಶಕ್ಕೆ ಇದು ಹೊಸದಲ್ಲ. 1897ರಲ್ಲಿಯೇ ಕಲ್ಕತ್ತೆಯಲ್ಲಿ ಬೆರಳಗುರುತಿನ ಕಚೇರಿ ಸ್ಥಾಪಿತವಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, 7 ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಹೋಗುವ ಏರ್ಪಾಡನ್ನು ರಾಜ್ಯಗಳು 5 ವರ್ಷಗಳೊಳಗೆ ಮಾಡಬೇಕೆಂದು ವಿಧಿಸಿದೆ. ಆದುದರಿಂದ ಇಂಥವರ ಅವಶ್ಯಕತೆ ಹೆಚ್ಚಲಿದೆ.

ಎರಡು ವರ್ಷಗಳ ಎಂ.ಎಸ್‌ಸಿ.ಗೆ ಸೇರಲು ಸಾಮಾನ್ಯವಾಗಿ ಬಿ.ಎಸ್‌ಸಿ. ಪದವಿ ಬೇಕು. ರಸಾಯನಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಇಂಥ ವಿಷಯಗಳನ್ನು ಓದಿರಬೇಕು. ಶೇಕಡಾ 50 ಅಥವಾ 55 ಅಂಕಗಳನ್ನು ಪಡೆದಿರಬೇಕು. ಹಲವೆಡೆ ಪ್ರವೇಶ ಪರೀಕ್ಷೆಯೂ ಉಂಟು. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಶಾಖೆಯು ನಮ್ಮ ಧಾರವಾಡದಲ್ಲಿಯೂ ಇದೆ.

ಬಿ.ಎ. ಓದುವ ನಮಗೆ ಈ ಬಾಗಿಲು ಮುಚ್ಚಿದೆ. ಗಣಿತಕ್ಕೆ ಅಂಜಿ ನಾನು ಕಲಾ ವಿಭಾಗವನ್ನು ಹಿಡಿದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ಆದರೆ ಪಕ್ಕದ ಬಾಗಿಲೊಂದುಂಟು: ಅಪರಾಧಶಾಸ್ತ್ರದ ಎಂ.ಎ. ನಾನು ಅದಕ್ಕೆ ಅರ್ಜಿ ಹಾಕುವವನಿದ್ದೇನೆ. ತಂಗಿಯು ಪಿ.ಯು.ಸಿ.ಯಲ್ಲಿ ವಿಜ್ಞಾನಕ್ಕೆ ಸೇರಿದ್ದಾಳೆ.

ಮಿತ್ರರೇ, ನಿಮ್ಮ ಮನೆಯಲ್ಲಿಯೂ ತಮ್ಮ ತಂಗಿಯರಿರಬಹುದು. ಅವರು ವಿಷಯಗಳನ್ನು ಆರಿಸುವ ಮೊದಲೇ ಈ ಮಾತನ್ನು ತಿಳಿಸಿರಿ.