ಕಾಡಿನ ಗಂಗೆ ಮತ್ತು ಕೇಳುವ ಕ್ರಮ: ಹಾಲುರಾಮೇಶ್ವರದ ಜಲನೆಲೆಯ ಒಂದು ಓದು

ಚಿತ್ರದುರ್ಗ ಜಿಲ್ಲೆಯ ಊರುಗಳ ಹೆಸರನ್ನು ಸುಮ್ಮನೆ ಓದುತ್ತ ಹೋದರೂ ಕೆರೆಗಳು ಸಾಲುಗಟ್ಟುತ್ತವೆ. ಹೊಳಲ್ಕೆರೆ, ಚಳ್ಳಕೆರೆ ಎಂಬ ಎರಡು ತಾಲೂಕು ಕೇಂದ್ರಗಳಿವೆ. ಹಿರಿಯೂರು ತಾಲೂಕಿನಲ್ಲಿ ಯಲ್ಲದಕೆರೆ ಇದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಬದುಕುವ ಸೀಮೆಯಲ್ಲಿ ಹರಿವ ನೀರನ್ನು ಕಟ್ಟಿ ನಿಲ್ಲಿಸಿದ ಮೇಲೆಯೇ ಊರು ಊರಾಗುತ್ತದೆ. ಆದ್ದರಿಂದ ಇಲ್ಲಿಯ ಕೆರೆ ಕೇವಲ ನೀರಿನ ಆಸರೆಯಲ್ಲ, ಅದು ಕಟ್ಟಿಸಿದವನ ಕೀರ್ತಿಯೂ ಹೌದು. ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಶಾಸನ ಇದಕ್ಕೆ ಹಳೆಯ ಸಾಕ್ಷಿ. 4ನೆಯ ಶತಮಾನದ್ದೆಂದು ಹೇಳಲಾಗುವ, ಪ್ರಾಕೃತದಲ್ಲಿರುವ ಆ ಚಿಕ್ಕ ಬಂಡೆಬರಹವನ್ನು ಎಂ.ಎಚ್. ಕೃಷ್ಣ ಅವರು 1929ರ ಮೈಸೂರು ಪುರಾತತ್ವ ವರದಿಯಲ್ಲಿ ಪ್ರಕಟಿಸಿದರು. ಅದರಲ್ಲಿ ಬರುವ ರಾಜಮನೆತನಗಳ ಪಟ್ಟಿಯನ್ನು ಹೇಗೆ ಓದಬೇಕೆಂಬ ಬಗ್ಗೆ ಆಮೇಲಿನ ವಿದ್ವಾಂಸರು ತಕರಾರು ತೆಗೆದಿದ್ದಾರೆ. ಗೆದ್ದವರು ಯಾರು, ಸೋತವರು ಯಾರು ಎಂಬುದು ಓದಿನಿಂದ ಓದಿಗೆ ಬದಲಾದರೂ ತಟಾಕ ಮಾತ್ರ ಉಳಿದುಕೊಂಡಿದೆ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಬಗೆಯ ನೀರು ಇದೇ ಸೀಮೆಯಲ್ಲಿದೆ. ಅದಕ್ಕೆ ಕಟ್ಟಿಸಿದವರಿಲ್ಲ, ಶಾಸನವಿಲ್ಲ, ಏರಿ ತೂಬುಗಳಿಲ್ಲ. ಗುಡ್ಡದ ಬಂಡೆಯಲ್ಲಿ ನಿಂತ ನೀರು ದೊಣೆ, ನೆಲದಿಂದ ಒಸರಿದ್ದು ಒರತೆ, ಚಿಮ್ಮಿದ್ದು ಚಿಲುಮೆ. ಶಾಸನವಿಲ್ಲದ ಈ ನೀರಿಗೆ ಕತೆ ಇರುತ್ತದೆ. ನೆರೆಯ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಾಡಿನಲ್ಲಿರುವ ನಾಮದ ಚಿಲುಮೆ ಎಲ್ಲರಿಗೂ ತಿಳಿದದ್ದು. ಹಣೆಯ ನಾಮವನ್ನು ತೇಯಲು ನೀರು ಸಿಗದಾಗ ರಾಮನು ಬಂಡೆಗೆ ಬಾಣ ಹೊಡೆದು ನೀರು ತರಿಸಿದನೆಂಬುದು ಐತಿಹ್ಯ. ಅರಸನು ಕೆರೆ ಕಟ್ಟಿಸಿದ ಕತೆಯಲ್ಲಿ ಊರಿನ ಬಾಯಾರಿಕೆ ಇದ್ದರೆ ಇಲ್ಲಿ ಇರುವುದು ಒಬ್ಬ ವನವಾಸಿಯ ದಿನನಿತ್ಯದ ಸಣ್ಣ ಅಗತ್ಯ. ಕಾಡಿನ ನೀರಿನ ಕತೆಗಳು ಸಾಮಾನ್ಯವಾಗಿ ಹೀಗೆ ಒಬ್ಬಂಟಿಯಾದವರ ಕತೆಗಳು.

ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರ ಈ ಎರಡನೆಯ ಬಗೆಗೆ ಸೇರಿದ ಜಲನೆಲೆ. ಯಲ್ಲದಕೆರೆಯಂತಹ ಬಯಲಿನ ಊರಿನಿಂದ ಪಶ್ಚಿಮಕ್ಕೆ, ವಾಣಿವಿಲಾಸ ಸಾಗರದ ಹಿನ್ನೀರನ್ನೂ ದಾಟಿ ಹೊಸದುರ್ಗದ ಕಡೆಗೆ ಸಾಗುವ ಯಾತ್ರಿಕನು ಕಟ್ಟಿದ ನೀರಿನ ಸೀಮೆಯಿಂದ ಹುಟ್ಟಿದ ನೀರಿನ ಸೀಮೆಗೆ ಹೋಗುತ್ತಿರುತ್ತಾನೆ ಎನ್ನಬಹುದು. ಗುಡ್ಡ, ಮರಗಳ ಮರೆಯ ಈ ಕ್ಷೇತ್ರದಲ್ಲಿ ರಾಮೇಶ್ವರನ ಗುಡಿ ಇದೆ. ಆದರೆ ದೂರದಿಂದ ಬರುವವರ ಗುರಿ ಗುಡಿಗಿಂತ ಹೆಚ್ಚಾಗಿ ಗಂಗೆಯ ಕೊಳ. ಅದು ಬಾವಿಯೋ ಕೊಳವೋ ಎಂಬ ವಿಂಗಡಣೆ ಭಕ್ತರಿಗೆ ಮುಖ್ಯವಲ್ಲ; ‘ಗಂಗೆ’ ಎಂಬ ಒಂದೇ ಮಾತಿನಲ್ಲಿ ನೀರೂ ದೇವಿಯೂ ಸ್ಥಳವೂ ಅಡಗಿರುತ್ತವೆ. ಕೊಳದ ಮುಂದೆ ಕೈಮುಗಿದು ನಿಂತು ಮನಸ್ಸಿನಲ್ಲಿರುವುದನ್ನು ಬೇಡಿಕೊಂಡರೆ ನೀರಿನೊಳಗಿಂದ ಹೂವು, ಹಣ್ಣು, ಬಳೆ ಮೊದಲಾದವು ಮೇಲೆದ್ದು ಬರುತ್ತವೆ, ಬಂದದ್ದೇ ಗಂಗೆಯ ಪ್ರಸಾದ ಮತ್ತು ಉತ್ತರ ಎಂಬುದು ಇಲ್ಲಿಯ ನಂಬಿಕೆ.

ಈ ನಂಬಿಕೆಯನ್ನು ಕುರಿತು ಬರೆಯುವವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದು ವಾಡಿಕೆ. ಒಂದು ಮಹಾತ್ಮೆಯ ದಾರಿ, ಇನ್ನೊಂದು ಮೂಢನಂಬಿಕೆಯ ಖಂಡನೆಯ ದಾರಿ. ವಸ್ತುಗಳು ಹೇಗೆ ಬರುತ್ತವೆ ಎಂಬ ಒಂದೇ ಪ್ರಶ್ನೆಯ ಸುತ್ತ ಎರಡೂ ಗಿರಕಿ ಹೊಡೆಯುತ್ತವೆ. ಆ ಪ್ರಶ್ನೆ ಸಣ್ಣದಲ್ಲ, ಪರೀಕ್ಷಿಸಬೇಕಾದವರು ಪರೀಕ್ಷಿಸಲಿ. ಆದರೆ ಕನ್ನಡ ಅಧ್ಯಯನದ ಮಟ್ಟಿಗೆ ಹೆಚ್ಚು ಮುಖ್ಯವಾದುದು ಬೇರೆ. ನೀರಿನ ಮುಂದೆ ನಿಂತವರು ಏನನ್ನು ಕೇಳುತ್ತಾರೆ? ಬಂದ ಉತ್ತರವನ್ನು ಬಿಡಿಸಿ ಹೇಳುವವರು ಯಾರು? ಆ ಅರ್ಥದ ಭಾರ ಯಾರ ಮೇಲೆ ಬೀಳುತ್ತದೆ?

ಕಾಡಿನ ನೀರು ಮತ್ತು ಪ್ರಶ್ನೆ ಇವೆರಡರ ನಂಟು ಶಿಷ್ಟ ಸಾಹಿತ್ಯಕ್ಕೂ ಹೊಸತಲ್ಲ. ಮಹಾಭಾರತದ ಅರಣ್ಯಪರ್ವದ ಯಕ್ಷಪ್ರಸಂಗ ಕುಮಾರವ್ಯಾಸನ ಮೂಲಕ ಕನ್ನಡ ಗಮಕ ಪರಂಪರೆಗೆ ಚಿರಪರಿಚಿತ. ಬಾಯಾರಿದ ಪಾಂಡವರು ಒಬ್ಬೊಬ್ಬರಾಗಿ ಕೊಳಕ್ಕೆ ಹೋಗುತ್ತಾರೆ. ಮೊದಲು ಉತ್ತರಿಸು, ಆಮೇಲೆ ಕುಡಿ ಎಂಬ ಎಚ್ಚರಿಕೆಯನ್ನು ಮೀರಿದ ನಾಲ್ವರೂ ದಡದಲ್ಲಿ ಬೀಳುತ್ತಾರೆ. ರನ್ನನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರವು ದುರ್ಯೋಧನನನ್ನು ಬಚ್ಚಿಟ್ಟುಕೊಳ್ಳುತ್ತದೆ, ಅಲ್ಲಿ ದಡದ ಮೇಲಿನ ಮಾತು ನೀರೊಳಗಿನವನನ್ನು ಹೊರಗೆಳೆಯುತ್ತದೆ. ಎರಡು ಕಡೆಯೂ ನೀರು ಮೂಕವಲ್ಲ, ಅದಕ್ಕೊಬ್ಬ ಒಳಗಿನವನಿದ್ದಾನೆ. ಹಾಲುರಾಮೇಶ್ವರದಲ್ಲಿ ಯಕ್ಷನ ಕೊಳದ ಕ್ರಮ ತಿರುವುಮುರುವಾಗಿದೆ. ಅಲ್ಲಿ ನೀರು ಕೇಳುತ್ತದೆ, ಮನುಷ್ಯ ಉತ್ತರಿಸುತ್ತಾನೆ. ಇಲ್ಲಿ ಮನುಷ್ಯ ಕೇಳುತ್ತಾನೆ, ನೀರು ಉತ್ತರಿಸುತ್ತದೆ. ಯಕ್ಷನಿಗೆ ಬೇಕಾದದ್ದು ಧರ್ಮಸೂಕ್ಷ್ಮ. ಗಂಗೆಯ ಮುಂದೆ ನಿಂತವರಿಗೆ ಬೇಕಾದದ್ದು ಮಗು, ಮದುವೆ, ಕಾಯಿಲೆಯ ಗುಣ, ಬಾರದ ಮಳೆ.

ನೀರಿನಿಂದ ಬಂದ ವಸ್ತು ತಾನೇ ಮಾತನಾಡುವುದಿಲ್ಲ. ಅದು ಒಂದು ಒಗಟು. ಬಿಡಿಸುವ ಕೀಲಿ ಜನಪದ ಸಂಕೇತಗಳಲ್ಲಿದೆ. ಹಣ್ಣು ಎಂದರೆ ಸಂತಾನ, ಬಳೆ ಎಂದರೆ ಮುತ್ತೈದೆತನ ಎಂಬ ಸಮೀಕರಣ ಸೋಬಾನೆ ಹಾಡುಗಳಿಂದ ಮಡಿಲು ತುಂಬುವ ಆಚರಣೆಯವರೆಗೆ ಹಬ್ಬಿದೆ. ದೇವರ ಬಲಗಡೆಯಿಂದ ಹೂ ಬಿದ್ದರೆ ಅಪ್ಪಣೆ ಸಿಕ್ಕಿತೆಂದು ತಿಳಿಯುವ ಹಳ್ಳಿಯ ಗುಡಿಗಳ ಕ್ರಮವೂ ಇದೇ ಜಾಯಮಾನದ್ದು. ಶಿವಗಂಗೆಯ ಒಳಕಲ್ಲು ತೀರ್ಥದಲ್ಲಿ ಬಂಡೆಯ ಕುಳಿಗೆ ಕೈ ಇಳಿಬಿಟ್ಟಾಗ ನೀರು ತಾಕಿದರೆ ಭಾಗ್ಯವಂತರು ಎನ್ನುತ್ತಾರೆ. ದೂರದ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ, ಮರಗಳ ನಡುವಿನ ಮ್ಯಾಡ್ರನ್ ಬಾವಿಗೆ ಹೆಣ್ಣುಮಕ್ಕಳು ಗುಂಡುಸೂಜಿ ಹಾಕಿ, ಎದ್ದ ಗುಳ್ಳೆಗಳನ್ನು ಎಣಿಸಿ ಮದುವೆಗೆ ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕುತ್ತಿದ್ದುದನ್ನು 19ನೆಯ ಶತಮಾನದ ಜಾನಪದ ಸಂಗ್ರಾಹಕರು ದಾಖಲಿಸಿದ್ದಾರೆ. ಗುಳ್ಳೆಗೆ ಬೇಕಾದದ್ದು ಎಣಿಕೆ ಮಾತ್ರ. ಹಣ್ಣಿಗೆ, ಬಳೆಗೆ ಒಂದು ಇಡೀ ಸಂಸ್ಕೃತಿಯ ನಿಘಂಟು ಬೇಕು.

ಸಮಸ್ಯೆ ತಲೆದೋರುವುದು ಉತ್ತರ ಬಾರದಿರುವಾಗ, ಅಥವಾ ಬಂದದ್ದನ್ನು ಬೇರೊಬ್ಬರು ಓದುವಾಗ. ಒಳಕಲ್ಲಿನಲ್ಲಿ ನೀರು ತಾಕದವರನ್ನು ಪಾಪಿಗಳೆಂದು ನಗೆಯಾಡುವುದು ಯಾತ್ರೆಯ ತಮಾಷೆಯಂತೆ ಕಂಡೀತು. ಆದರೆ ಮಕ್ಕಳಿಲ್ಲವೆಂದು ಮನೆಯವರೊಡನೆ ಗಂಗೆಯ ಮುಂದೆ ನಿಲ್ಲುವ ಹೆಣ್ಣಿಗೆ ಅದು ತಮಾಷೆಯಲ್ಲ. ಗಂಡನಲ್ಲಿರಬಹುದಾದ ಕೊರತೆಯೂ ಅವಳ ಹೆಸರಿನಲ್ಲೇ ನೀರಿಗೆ ಹೋಗುತ್ತದೆ. ನೀರಿನ ಮೌನವೂ ಅವಳ ಹೆಸರಿಗೇ ಬರುತ್ತದೆ.

ಇಲ್ಲಿ ‘ಕೆರೆಗೆ ಹಾರ’ ಕಥನಗೀತೆಯನ್ನು ನೆನೆಯದೆ ವಿಧಿಯಿಲ್ಲ. ಈ ಹಾಡನ್ನು ತ್ಯಾಗದ ಕತೆಯೆಂದೂ ಬಲಿಯ ಕತೆಯೆಂದೂ ಸಾಕಷ್ಟು ಓದಲಾಗಿದೆ. ಅದು ತಪ್ಪಾಗಿ ಓದಲಾದ ಉತ್ತರದ ಕತೆಯೂ ಹೌದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬೀಳಲಿಲ್ಲ. ಹೊತ್ತಿಗೆ ತೆಗೆಸಿದಾಗ ಮೊದಲು ಬರುವುದು ಹಿರಿಸೊಸೆಯ ಹೆಸರು. ಮನೆಯ ಹಿರಿತನ ನಡೆಸುವವರು ಬೇಕೆಂಬ ವಾದ ಹುಟ್ಟಿದೊಡನೆ ಉತ್ತರ ಜಾರಿ ಕಿರಿಸೊಸೆ ಭಾಗೀರಥಿಯ ಮೇಲೆ ನಿಲ್ಲುತ್ತದೆ. ಅವಳ ಗಂಡ ದಂಡಿನಲ್ಲಿದ್ದಾನೆ, ತವರಿನವರಿಗೆ ಅವಳು ಬಾಯಿಬಿಟ್ಟು ಹೇಳಲಾರಳು. ನೀರು ಕೇಳಿದ್ದು ಒಬ್ಬಳನ್ನು. ಮನೆ ಕೊಟ್ಟದ್ದು ಕೊಡಲು ಸುಲಭವಾದವಳನ್ನು. ಯಕ್ಷನ ಕೊಳದ ದಡದಲ್ಲೂ ಒಂದು ಮನೆ ಒಬ್ಬರನ್ನು ಆರಿಸಬೇಕಾಗಿತ್ತು. ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆಂದಾಗ ಧರ್ಮರಾಯ ಭೀಮಾರ್ಜುನರನ್ನು ಬಿಟ್ಟು ಮಾದ್ರಿಯ ಮಗ ನಕುಲನನ್ನು ಕೇಳುತ್ತಾನೆ. ಯಾರಿಗೆ ಕೇಳುವವರಿಲ್ಲವೋ ಅವರ ಪರವಾಗಿ ಕೇಳಿದ್ದರಿಂದಲೇ ಅವನಿಗೆ ನಾಲ್ವರೂ ದೊರೆಯುತ್ತಾರೆ. ಕಲ್ಲನಕೇರಿಯ ಮನೆ ಯಾರಿಗೆ ಕೇಳುವವರಿಲ್ಲವೋ ಅವಳನ್ನೇ ಆರಿಸುತ್ತದೆ. ಹಾಡಿನ ಕೊನೆಗೆ ದಂಡಿನಿಂದ ಮರಳಿದ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ಶಿಷ್ಟಕಾವ್ಯ ಮತ್ತು ಹೆಂಗಸರ ಹಾಡು ಒಂದೇ ಸನ್ನಿವೇಶವನ್ನು ಹೀಗೆ ಎದುರುಬದುರು ನಿಲ್ಲಿಸಿರುವುದು ಆಕಸ್ಮಿಕವಿರಬಹುದು. ಆದರೆ ಹಾಡಿದವರಿಗೆ ಮನೆಯ ಒಳಗಿನ ನ್ಯಾಯ ಎಂಥದೆಂದು ಕಾವ್ಯ ಕೇಳಿದವರಿಗಿಂತ ಚೆನ್ನಾಗಿ ತಿಳಿದಿತ್ತು.

ಈ ಹಿನ್ನೆಲೆಯಲ್ಲಿ ಹಾಲುರಾಮೇಶ್ವರದಂತಹ ಕ್ಷೇತ್ರಗಳ ಅಧ್ಯಯನಕ್ಕೆ ಸ್ಥಳಪುರಾಣದ ಸಂಗ್ರಹ ಸಾಲದು. ಅಲ್ಲಿ ಕೇಳಲಾಗುವ ಬೇಡಿಕೆಗಳ ಮಾತುಗಳೇ ಒಂದು ಪಠ್ಯ. ಅವು ಹಾಡಿನಂತೆ ಪುನರಾವರ್ತನೆಯಾಗುವುದಿಲ್ಲ, ಕತೆಯಂತೆ ಕಟ್ಟುಪಾಡಿನಲ್ಲಿರುವುದಿಲ್ಲ. ಬಹುಪಾಲು ಮನಸ್ಸಿನಲ್ಲೇ ನಡೆದುಹೋಗುತ್ತವೆ. ಹಾಗಾಗಿ ಅವು ಜಾನಪದ ಪ್ರಕಾರಗಳ ಪಟ್ಟಿಯಲ್ಲಿ ಎಲ್ಲಿಯೂ ಕೂರುವುದಿಲ್ಲ. ಕೊಳದ ಬಳಿಗೆ ಹೋಗುವ ಮುನ್ನ ಮನೆಯಲ್ಲಿ ನಡೆಯುವ ಮಾತುಕತೆ, ಹಿಂದಿರುಗಿದ ಮೇಲೆ ಪ್ರಸಾದದ ಬಗ್ಗೆ ಅತ್ತೆ, ಸೊಸೆ, ನೆರೆಯವರು ಕೊಡುವ ಬೇರೆ ಬೇರೆ ಅರ್ಥಗಳು ದಾಖಲಾದರೆ ಪೂಜಾರಿಯ ಒಂದು ವ್ಯಾಖ್ಯಾನದ ಹಿಂದಿರುವ ಹಲವು ಓದುಗಳು ಕಂಡಾವು. ಹಾಗೆ ದಾಖಲಿಸುವಾಗ ಕೇಳಿದವರ ಹೆಸರು ಮರೆಯಲ್ಲಿರಬೇಕಾದದ್ದು ಬೇರೆ ಮಾತು.

ನೀರನ್ನು ಕೇಳುವ ಕ್ರಮ ಕಾಡಿನ ಕೊಳಕ್ಕೆ ಮಾತ್ರ ಸೀಮಿತವಾಗಿಯೂ ಉಳಿದಿಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರಕ್ಕೆ ಸರ್ಕಾರಿ ಹೆಸರು ಮೈಸೂರಿನ ರಾಣಿಯವರದಾದರೂ ಜನ ಕರೆಯುವುದು ಕಣಿವೆ ಮಾರಮ್ಮನ ನೆನಪಿನಲ್ಲಿ ಮಾರಿಕಣಿವೆ ಎಂದೇ. 1933ರ ನಂತರ 89 ವರ್ಷ ತುಂಬಿ ಹರಿಯದ ಜಲಾಶಯ 2022ರಲ್ಲಿ ಕೋಡಿ ಬಿದ್ದಿತು. 2025ರಲ್ಲೂ ತುಂಬಿತು, ಬಾಗಿನ ಅರ್ಪಣೆಯಾಯಿತು. ಕಟ್ಟಿದ ನೀರಿಗೆ ಬಾಗಿನ ಮೇಲಿನಿಂದ ಕೆಳಕ್ಕೆ ಹೋಗುತ್ತದೆ, ಆಳುವವರ ಕೈಯಿಂದ. ಹಾಲುರಾಮೇಶ್ವರದ ನಂಬಿಕೆಯಲ್ಲಿ ಅದು ಕೆಳಗಿನಿಂದ ಮೇಲಕ್ಕೆ, ಬೇಡುವವರ ಕೈಗೆ ಬರುತ್ತದೆ.

ಇವೆರಡರ ನಡುವೆ ಹಿರಿಯೂರು, ಹೊಸದುರ್ಗದ ಹೊಲಗಳಲ್ಲಿ ಮೂರನೆಯದೊಂದು ನಡೆಯುತ್ತಿದೆ. ಕೊಳವೆಬಾವಿ ಕೊರೆಸುವ ಮುನ್ನ ನೀರು ತೋರಿಸುವವನು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅಥವಾ ಕವಲುಕಡ್ಡಿ ಹಿಡಿದು ನಡೆಯುತ್ತಾನೆ. ಕಾಯಿ ಎದ್ದು ನಿಂತ ಕಡೆ ಗುರುತು ಹಾಕಿ, ಪೂಜೆ ಮಾಡಿ, ಲಾರಿಯನ್ನು ಕರೆಸುತ್ತಾರೆ. ಇಲ್ಲಿ ಕೇಳುವವನು ಸಾಮಾನ್ಯವಾಗಿ ಜಮೀನಿನ ಯಜಮಾನ, ಓದುವವನು ಕೂಲಿ ಪಡೆದವನು. ಉತ್ತರ ಸುಳ್ಳಾದರೂ ಕೊರೆದಷ್ಟು ಅಡಿಯ ಲೆಕ್ಕದಲ್ಲಿ ಹಣ ಕೊಡಲೇಬೇಕು. ಆ ಸಾಲ ತೀರಿಸಲು ಮೊದಲು ಅಡವಿಗೆ ಹೋಗುವುದು ಮನೆಯ ಹೆಂಗಸಿನ ಓಲೆ, ಸರ.